ಷಟರ್ ಸ್ಪ್ರಿಂಗಿಗೂ ಒಂದು ಆಯುಷ್ಯವಿದೆ

ಬೆಳಗಿನ ಆರೂವರೆ. ತಾಲ್ಲೂಕು ಕೇಂದ್ರವೊಂದರ ಪೇಟೆ ಬೀದಿ. ಹಾಲಿನ ಕ್ರೇಟುಗಳು ಆಗಲೇ ಬಂದು ಕಿರಾಣಿ ಅಂಗಡಿಯ ಮುಂದೆ ಕುಳಿತಿವೆ. ಯಜಮಾನರು ಎರಡೂ ಬದಿಯ ಬೀಗ ತೆಗೆದು, ಎಂದಿನಂತೆ ಷಟರಿನ ಹಿಡಿಗೆ ಕೈ ಹಾಕಿ ಎತ್ತುತ್ತಾರೆ. ಮೇಲೆ ಸುರುಳಿಯೊಳಗೆ ‘ಠಣ್’ ಎಂಬ ಸದ್ದು. ಮೊಣಕಾಲಿನೆತ್ತರಕ್ಕೆ ಬಂದ ಷಟರು ಮತ್ತೆ ನೆಲಕ್ಕೆ ಕುಸಿಯುತ್ತದೆ. ಎಷ್ಟು ಎಳೆದರೂ ಮೇಲೇಳದು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಓಡಿಬರುತ್ತಾಳೆ. “ಅಪ್ಪ, ನೀವು ಸ್ವಲ್ಪ ಎತ್ತಿ ಹಿಡಿದುಕೊಳ್ಳಿ, ನಾನು ಕೆಳಗೆ ನುಸುಳಿ ಒಳಗಿನಿಂದ ತಳ್ಳುತ್ತೇನೆ.”

“ಬೇಡಮ್ಮ, ಅದರ ಕೆಳಗೆ ಹೋಗಬೇಡ” ಎಂದು ತಂದೆ ತಡೆಯುತ್ತಾರೆ. ಅಂದಿನ ವ್ಯಾಪಾರ ಹೋಯಿತು, ಹಾಲು ಹಾಳಾಯಿತು. ಮಧ್ಯಾಹ್ನ ರಿಪೇರಿಯವನು ಬಂದು ಹೇಳಿದ ಮೊತ್ತವನ್ನು ಕೊಡಲು, ಮಗಳನ್ನು ಪಿಯುಸಿಗೆ ಸೇರಿಸಲೆಂದು ತಾಯಿ ತೆಗೆದಿಟ್ಟಿದ್ದ ಹಣಕ್ಕೇ ಕೈ ಹಾಕಬೇಕಾಯಿತು.

ಇಂಥ ಬೆಳಗು ಯಾವ ಊರಿನ ಯಾವ ಅಂಗಡಿಗಾದರೂ ಬರಬಹುದು. ಕಾರು ನಿಲ್ಲಿಸುವ ಜಾಗಕ್ಕೆ ಷಟರು ಹಾಕಿಸಿಕೊಂಡ ಮನೆಗಳಿಗೂ ಬರಬಹುದು. ಇದನ್ನು ‘ಗ್ರಹಚಾರ’ ಎಂದು ಕರೆಯುವುದು ವಾಡಿಕೆ. ಆದರೆ ಸ್ಪ್ರಿಂಗು ಮುರಿಯುವುದರಲ್ಲಿ ಗ್ರಹಗಳ ಪಾತ್ರವೇನೂ ಇಲ್ಲ. ಅದಕ್ಕೊಂದು ಲೆಕ್ಕವಿದೆ. ಆ ಲೆಕ್ಕ ಗೊತ್ತಿದ್ದರೆ ಹಣದ ಲೆಕ್ಕವನ್ನೂ ಮೊದಲೇ ಹಾಕಬಹುದು.

ಭಾರ ಹೊರುವವರು ಯಾರು?

ಎಂಟು ಅಡಿ ಅಗಲ, ಎಂಟು ಅಡಿ ಎತ್ತರದ ಉಕ್ಕಿನ ಷಟರು ಸುಮಾರು 70 ಕಿಲೋಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಇಷ್ಟು ಭಾರವನ್ನು ಹೈಸ್ಕೂಲು ಹುಡುಗನೊಬ್ಬ ಒಂದೇ ಕೈಯಲ್ಲಿ ಎತ್ತುವುದು ಹೇಗೆ? ಎತ್ತುವವನು ಅವನಲ್ಲ, ಮೇಲಿನ ಕೊಳವೆಯ ಮೇಲೆ ಕುಳಿತಿರುವ ಸ್ಪ್ರಿಂಗುಗಳು. ಷಟರನ್ನು ಕೆಳಕ್ಕೆ ಎಳೆದಾಗ ಅವು ಬಿಗಿಯಾಗಿ ಸುತ್ತಿಕೊಳ್ಳುತ್ತವೆ. ಮೇಲಕ್ಕೆ ಎತ್ತಿದಾಗ ಬಿಚ್ಚಿಕೊಳ್ಳುತ್ತಾ ಭಾರವನ್ನು ಹೊರುತ್ತವೆ. ಕೈಯ ಕೆಲಸ ಬರೀ ಸನ್ನೆ ಮಾಡುವುದು.

ಇಲ್ಲೊಂದು ಸೊಗಸಾದ ಹೊಂದಾಣಿಕೆಯನ್ನು ಗಮನಿಸಿ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ತನ್ನ ಸ್ಪ್ರಿಂಗ್ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಪ್ರಕಟಿಸಿದ. 1678ರಲ್ಲಿ ಅದನ್ನು ಬಿಡಿಸಿ ಹೇಳಿದ. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟೇ ಪ್ರಮಾಣದಲ್ಲಿ ಅದು ತಿರುಗಿ ಎಳೆಯುತ್ತದೆ ಎಂಬುದು ಅದರ ತಿರುಳು. ಸುತ್ತುವ ಸ್ಪ್ರಿಂಗಿಗೂ ಇದೇ ಮಾತು ಸಲ್ಲುತ್ತದೆ: ಸುತ್ತು ಹೆಚ್ಚಿದಷ್ಟೂ ಬಲ ಹೆಚ್ಚು. ಷಟರು ಪೂರ್ತಿ ಕೆಳಗಿದ್ದಾಗ 70 ಕಿಲೋ ಅಷ್ಟೂ ನೇತಾಡುತ್ತಿರುತ್ತದೆ, ಆಗ ಸ್ಪ್ರಿಂಗೂ ಪೂರ್ತಿ ಬಿಗಿಯಾಗಿರುತ್ತದೆ. ಅರ್ಧ ಎತ್ತಿದಾಗ ನೇತಾಡುವ ಭಾರ ಸುಮಾರು 35 ಕಿಲೋ, ಅಷ್ಟರಲ್ಲಿ ಸ್ಪ್ರಿಂಗೂ ಸಡಿಲವಾಗಿರುತ್ತದೆ. ಭಾರ ಮತ್ತು ಬಲ ಹೆಚ್ಚು ಕಡಿಮೆ ಜೊತೆಜೊತೆಯಾಗಿಯೇ ಇಳಿಯುತ್ತವೆ. ಸರಿಯಾಗಿ ಕೂರಿಸಿದ ಷಟರನ್ನು ನಡುವೆ ಬಿಟ್ಟರೂ ನಿಲ್ಲುವುದು ಇದರಿಂದಲೇ.

ಮುಚ್ಚಿದ ಷಟರಿನ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ ಎಷ್ಟು? ಷಟರಿನ ಎತ್ತರ 2.4 ಮೀಟರ್. ಅದರ ಭಾರಕೇಂದ್ರ ನಡುವಿನಲ್ಲಿ, ಅಂದರೆ 1.2 ಮೀಟರಿನಲ್ಲಿ ಇರುತ್ತದೆ. ಪೂರ್ತಿ ಸುತ್ತಿಕೊಂಡಾಗ ಅದು 2.4 ಮೀಟರಿಗೆ ಏರುತ್ತದೆ. ಏರಿಕೆ 1.2 ಮೀಟರ್. 70 × 9.8 × 1.2 ಎಂದು ಗುಣಿಸಿದರೆ ಸುಮಾರು 820 ಜೂಲ್. ಐವತ್ತು ಕಿಲೋ ಸಿಮೆಂಟು ಮೂಟೆಯನ್ನು ಒಂದೂವರೆ ಮೀಟರಿಗೂ ಮೇಲಕ್ಕೆ ಎತ್ತಲು ಇಷ್ಟು ಶಕ್ತಿ ಬೇಕು. ಅಷ್ಟೂ ಶಕ್ತಿ ಆ ಕೊಳವೆಯ ಮೇಲೆ ಕಾದು ಕುಳಿತಿರುತ್ತದೆ. ಸ್ಪಾನರು ಹಿಡಿದು ಸ್ವತಃ ಬಿಚ್ಚಲು ಹೋದವರ ಕೈಬೆರಳಿಗೆ, ಮುಖಕ್ಕೆ ಪೆಟ್ಟಾಗುವುದು ಈ ಕಾರಣಕ್ಕೆ. ಉಳಿತಾಯದ ಆಸೆಗೆ ಮಾಡಬಾರದ ಕೆಲಸಗಳಲ್ಲಿ ಇದು ಒಂದು.

ಲೋಹಕ್ಕೂ ದಣಿವು

ದಿನವೂ ಸರಿಯಾಗಿದ್ದ ಸ್ಪ್ರಿಂಗು ಒಂದು ಬೆಳಿಗ್ಗೆ ಏಕೆ ಮುರಿಯಬೇಕು? ಅದು ಅಂದು ಮುರಿದದ್ದಲ್ಲ, ಬಹಳ ದಿನಗಳಿಂದ ಮುರಿಯುತ್ತಲೇ ಇತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಯೂರೋಪಿನ ರೈಲು ಗಾಡಿಗಳ ಅಚ್ಚುಗಳು ಇದ್ದಕ್ಕಿದ್ದಂತೆ ತುಂಡಾಗುತ್ತಿದ್ದವು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅವುಗಳ ಮೇಲೆ ಪ್ರಯೋಗ ನಡೆಸಿ, ಒಂದೇ ಸಲಕ್ಕೆ ತಡೆದುಕೊಳ್ಳಬಲ್ಲ ಭಾರವನ್ನೇ ಸಾವಿರಾರು ಸಲ ಹೇರಿದರೆ ಲೋಹ ಸೋಲುತ್ತದೆ ಎಂದು ತೋರಿಸಿದ. ಇದೇ ಲೋಹದ ದಣಿವು. ಮೇಲ್ಮೈಯ ಸಣ್ಣ ಗೀರಿನಲ್ಲೋ ತುಕ್ಕಿನ ಕುಳಿಯಲ್ಲೋ ಒಂದು ಬಿರುಕು ಹುಟ್ಟುತ್ತದೆ. ಪ್ರತಿ ಸುತ್ತಿಗೂ ಕೂದಲೆಳೆಯಷ್ಟೂ ಅಲ್ಲದ ದೂರ ಮುಂದೆ ಸರಿಯುತ್ತದೆ. ಉಳಿದ ಲೋಹ ಭಾರ ತಾಳದಾದಾಗ ‘ಠಣ್’.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಡಬ್ಬಿಯ ಕೆಲವು ಜೆಮ್ ಕ್ಲಿಪ್ಪುಗಳನ್ನು ನೆಟ್ಟಗೆ ಮಾಡಿಕೊಳ್ಳಿ. ಒಂದನ್ನು ಒಂದೇ ಜಾಗದಲ್ಲಿ ಲಂಬಕೋನದಷ್ಟು ಅತ್ತಿತ್ತ ಬಗ್ಗಿಸಿ, ಎಷ್ಟನೆಯ ಸಲಕ್ಕೆ ಮುರಿಯಿತೆಂದು ಬರೆದಿಡಿ. ಇನ್ನೊಂದನ್ನು ಅದರ ಅರ್ಧದಷ್ಟೇ ಬಗ್ಗಿಸಿ ಎಣಿಸಿ. ಎರಡನೆಯದು ಹೆಚ್ಚು ಸಲ ಬಾಳುತ್ತದೆ. ಷಟರಿನ ಸ್ಪ್ರಿಂಗಿನ ತಂತಿಯೂ ಸುತ್ತುವಾಗ ನಿಜಕ್ಕೂ ಬಾಗುತ್ತದೆ. ಭಾರಕ್ಕೆ ತಕ್ಕ ದಪ್ಪ ತಂತಿಯ ಸ್ಪ್ರಿಂಗು ಹೆಚ್ಚು ಕಾಲ ಬಾಳಿ, ಅಗ್ಗದ ತೆಳು ಸ್ಪ್ರಿಂಗು ಬೇಗ ಮುರಿಯುವ ಗುಟ್ಟು ಇದರಲ್ಲಿದೆ.

ಐವತ್ತು ರೂಪಾಯಿಯ ಲೆಕ್ಕ

ಅಮೆರಿಕದಲ್ಲಿ ಮನೆಮನೆಗೂ ಕಾರಿನ ಗ್ಯಾರೇಜು. ಅದರ ಬಾಗಿಲನ್ನು ಎತ್ತುವುದೂ ಸ್ಪ್ರಿಂಗೇ. ಅಲ್ಲಿನ ಸಾಮಾನ್ಯ ಸ್ಪ್ರಿಂಗುಗಳನ್ನು 10,000 ಸುತ್ತಿನ ಆಯುಷ್ಯಕ್ಕೆಂದು ತಯಾರಿಸುತ್ತಾರೆ. ಒಮ್ಮೆ ತೆರೆದು ಮುಚ್ಚಿದರೆ ಒಂದು ಸುತ್ತು. ದಿನಕ್ಕೆ ನಾಲ್ಕು ಸುತ್ತಾದರೆ ವರ್ಷಕ್ಕೆ 1,460. ಅಲ್ಲಿಗೆ ಏಳು ವರ್ಷ ತುಂಬುವ ಮೊದಲೇ ಆಯುಷ್ಯ ಮುಗಿಯಿತು.

ನಮ್ಮ ಅಂಗಡಿಗೆ ಇದೇ ಅಳತೆ ಹಿಡಿದು ನೋಡಿ. ಬೆಳಿಗ್ಗೆ ತೆರೆದು ಊಟಕ್ಕೆ ಮುಚ್ಚಿ, ಸಂಜೆ ತೆರೆದು ರಾತ್ರಿ ಮುಚ್ಚಿದರೆ ದಿನಕ್ಕೆ ಎರಡು ಸುತ್ತು. ವರ್ಷಕ್ಕೆ 340 ದಿನವೆಂದರೆ 680 ಸುತ್ತು. ಹದಿನಾಲ್ಕು ವರ್ಷ ಬರಬೇಕು. ಆದರೆ ಬಯಲುಸೀಮೆಯ ಧೂಳು, ಕರಾವಳಿಯ ಉಪ್ಪುಗಾಳಿ, ಎಣ್ಣೆ ಕಾಣದ ಕೊಳವೆ ಇವೆಲ್ಲ ಆಯುಷ್ಯವನ್ನು ಕಡಿಯುತ್ತವೆ. ಆದ್ದರಿಂದ ಅರ್ಧ ಹಿಡಿಯುವುದು ಜಾಣತನ: ಏಳು ವರ್ಷ, ಅಂದರೆ 84 ತಿಂಗಳು.

ಎರಡು ಸ್ಪ್ರಿಂಗು, ಕೂಲಿ, ಬಂದುಹೋಗುವ ಖರ್ಚು ಎಲ್ಲ ಸೇರಿ 4,200 ರೂಪಾಯಿ ಎಂದಿಟ್ಟುಕೊಳ್ಳಿ. ಇದು ದರಪಟ್ಟಿಯಲ್ಲ, ಲೆಕ್ಕದ ಅನುಕೂಲಕ್ಕೆ ಇಟ್ಟ ಅಂಕಿ. ಊರಿನ ದರವನ್ನು ವಿಚಾರಿಸಿ ಆ ಅಂಕಿಯನ್ನು ಇಲ್ಲಿ ಕೂರಿಸಿಕೊಳ್ಳಬೇಕು. 4,200ನ್ನು 84ರಿಂದ ಭಾಗಿಸಿದರೆ ತಿಂಗಳಿಗೆ 50 ರೂಪಾಯಿ. ಷಟರು ಹಾಕಿಸಿ ಐದು ವರ್ಷ ಕಳೆದ ಮೇಲೆ ಎಚ್ಚೆತ್ತರೆ? ಉಳಿದದ್ದು 24 ತಿಂಗಳು. ತಿಂಗಳಿಗೆ 175 ರೂಪಾಯಿ ತೆಗೆದಿಡಬೇಕು. ಖರ್ಚು ಅಷ್ಟೇ, ತಡಮಾಡಿದ್ದಕ್ಕೆ ಹೊರೆ ಮಾತ್ರ ಮೂರೂವರೆ ಪಟ್ಟು. ದರ ಏರುವುದರಿಂದ ವರ್ಷಕ್ಕೊಮ್ಮೆ ಅಂಕಿಯನ್ನು ತಿದ್ದಿಕೊಳ್ಳಬೇಕು. ಅಂಗಡಿ ಮುಚ್ಚಿದ ಒಂದು ದಿನದ ನಷ್ಟವನ್ನೂ ಪಕ್ಕದಲ್ಲಿ ಬರೆದು ನೋಡಿದರೆ, ಮುರಿಯುವ ಮೊದಲೇ ಬಿಡುವಿನ ದಿನ ನೋಡಿ ಬದಲಿಸುವುದು ಲಾಭವೋ ನಷ್ಟವೋ ತಾನಾಗಿ ತಿಳಿಯುತ್ತದೆ.

ರಿಪೇರಿಗೆ ಮುನ್ನ ಇಬ್ಬರ ಬಳಿ ಲಿಖಿತ ಅಂದಾಜು ಪಡೆಯುವುದು ಒಳ್ಳೆಯದು. ತಂತಿಯ ದಪ್ಪವೆಷ್ಟು, ಕೂಲಿ ಸೇರಿದೆಯೇ, ಎಷ್ಟು ದಿನದ ಗ್ಯಾರಂಟಿ ಎಂಬ ಮೂರು ಪ್ರಶ್ನೆ ಕೇಳಿ ರಸೀದಿ ಪಡೆಯಬೇಕು. ಒಂದು ಮುರಿದರೆ ಅದೇ ದಿನ ಕೂರಿಸಿದ ಜೊತೆಯದನ್ನೂ ಬದಲಿಸುವುದು ಮಿತವ್ಯಯವೇ. ಅದೂ ಅಷ್ಟೇ ಸುತ್ತು ದುಡಿದಿರುತ್ತದೆ, ಇನ್ನೊಮ್ಮೆ ಕೂಲಿ ತೆರುವುದು ತಪ್ಪುತ್ತದೆ.

ಷಟರು ಮುನ್ಸೂಚನೆಯನ್ನೂ ಕೊಡುತ್ತದೆ. ದಿನದಿನಕ್ಕೆ ಭಾರವಾಗುವುದು, ನಡುವೆ ನಿಲ್ಲದೆ ಜಾರುವುದು, ಒಂದು ಬದಿ ಮೊದಲು ಏಳುವುದು, ಮೇಲಿನಿಂದ ಕಿರುಗುಟ್ಟುವುದು. ಭಾರವೆನಿಸಿದಾಗ ಮೊದಲು ಎರಡು ಬದಿಯ ಕಂಬಿಯ ಕಸ ತೆಗೆದು ನೋಡಬೇಕು. ಅದರಿಂದಲೂ ಹಗುರಾಗದಿದ್ದರೆ ರಿಪೇರಿಯವನನ್ನು ಕರೆಯಬೇಕು. ಮುರಿದ ಷಟರಿನ ಕೆಳಗೆ ಯಾರೂ ನಿಲ್ಲಬಾರದು, ಮಕ್ಕಳಂತೂ ಸುಳಿಯಲೇಬಾರದು.

ಆ ಅಂಗಡಿಯಲ್ಲಿ ಸಂಜೆ ನಾಲ್ಕಕ್ಕೆ ಷಟರು ಮತ್ತೆ ಎದ್ದಿತು. ರಿಪೇರಿಯವನು ಮುರಿದ ಸ್ಪ್ರಿಂಗನ್ನು ತೋರಿಸಿದ. ಮುರಿದ ಅಂಚಿನ ಬಹುಭಾಗ ಹಳೆಯ ತುಕ್ಕಿನಿಂದ ಕಪ್ಪಾಗಿತ್ತು, ಒಂದು ಚೂರು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. “ಇದು ಇವತ್ತಿನದಲ್ಲ ಯಜಮಾನ್ರೇ, ಎಷ್ಟೋ ದಿನದ್ದು” ಎಂದ. ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಮಾಡಿ, ಖಾಲಿ ಬಿಸ್ಕತ್ತು ಡಬ್ಬಿಯೊಂದರ ಮೇಲೆ ‘ಷಟರ್’ ಎಂದು ಬರೆದಳು. ತಾಯಿ ಅದರೊಳಗೆ ಮೊದಲ ಐವತ್ತರ ನೋಟು ಹಾಕಿದರು. ಪಿಯುಸಿಯ ಹಣ ಅಂದೇ ತುಂಬಲಿಲ್ಲ. ಆದರೆ ಮುಂದಿನ ಸಲ ಆ ಹಣಕ್ಕೆ ಯಾರೂ ಕೈ ಹಾಕಬೇಕಾಗಿಲ್ಲ.