ಇಳಿದ ನೀರಿನ ಗೆರೆಯೂ ನಕ್ಷೆಗೆ ಬರಲಿ

ನಾನು ಆಳಂದದ ಭೂಮಾಪಕ. ಹೊಲಗಳ ಹದ್ದು ಅಳೆದು ಕಲ್ಲು ನೆಡಿಸುವುದು ನನ್ನ ಕೆಲಸ. ಕೊರಳ್ಳಿಯ ಅಮರ್ಜಾ ಜಲಾಶಯದ ದಂಡೆಗೆ ಮಾತ್ರ ಒಂದೇ ಹದ್ದು ಸಾಲದು. ದೀಪಾವಳಿಗೆ ನೀರು ನಿಂತ ಜಾಗ ಸಂಕ್ರಾಂತಿ ದಾಟುವಷ್ಟರಲ್ಲಿ ಕೆಸರಾಗುತ್ತದೆ, ಹೋಳಿ ಹುಣ್ಣಿಮೆಗೆ ಬಿರುಕು ಬಿಡುತ್ತದೆ. ಉತ್ತರದಿಂದ ಚಳಿಗಾಲ ಕಳೆಯಲು ಬರುವ ಉಲ್ಲಂಕಿಗಳಿಗೆ ಹುಳುಹುಪ್ಪಟೆ ಸಿಗುವುದು ಆ ಕೆಸರಿನಲ್ಲಿ.

ಇಸ್ರೋದ ಅಹಮದಾಬಾದ್ ಕೇಂದ್ರ ಉಪಗ್ರಹ ಚಿತ್ರಗಳಿಂದ ದೇಶದ ಜೌಗುನೆಲಗಳ ಅಟ್ಲಾಸ್ ಮಾಡಿದೆ. ದೊಡ್ಡ ಕೆಲಸ ಅದು. ಮುಂಗಾರಿಗೆ ಮೊದಲು ನೀರು ಎಷ್ಟಿತ್ತು, ಮಳೆ ಮುಗಿದ ಮೇಲೆ ಎಷ್ಟಾಯಿತು ಎಂಬುದು ಅದರಲ್ಲಿದೆ. ಆದರೆ ವಲಸೆ ಹಕ್ಕಿಗಳು ಹೆಚ್ಚಾಗಿ ಇಲ್ಲಿರುವುದು ಮಳೆ ಮುಗಿದ ಮೇಲಿನ ಆ ಅಳತೆಗೂ ಮುಂದಿನ ಮುಂಗಾರಿಗೆ ಮೊದಲಿನ ಅಳತೆಗೂ ನಡುವಿನ ತಿಂಗಳುಗಳಲ್ಲಿ. 2.25 ಹೆಕ್ಟೇರಿಗಿಂತ ಸಣ್ಣ ಕೆರೆಕುಂಟೆಗಳು ಅಲ್ಲಿ ಬರೀ ಚುಕ್ಕೆಗಳು.

ಕಾಯಿದೆಯ ತೊಡಕು ಬೇರೆ. 2017ರ ಜೌಗುಪ್ರದೇಶ ನಿಯಮಗಳು ನದಿಪಾತ್ರ, ಭತ್ತದ ಗದ್ದೆ, ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ಹೊರಗಿಡುತ್ತವೆ. ಹಾಗೆ ನೋಡಿದರೆ ನಮಗೆ ಉಳಿಯುವುದೇನು? ಅಮರ್ಜಾ ನೀರಾವರಿಯದು. ಅಫಜಲಪುರದ ಸೊನ್ನ ಬ್ಯಾರೇಜೂ ಹಾಗೆಯೇ. ಗಾಣಗಾಪುರದಲ್ಲಿ ಅಮರ್ಜಾ ನದಿ ಭೀಮೆಗೆ ಕೂಡುವ ಸಂಗಮ ನದಿಪಾತ್ರ. ಜೇವರ್ಗಿ ಕಡೆ ಕೃಷ್ಣೆಯ ಕಾಲುವೆ ನೀರಿನಲ್ಲಿ ಎದ್ದ ಗದ್ದೆಗಳೂ ಲೆಕ್ಕಕ್ಕಿಲ್ಲ.

ಆದರೆ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನೋಡಿ. ಅದನ್ನು ಕಟ್ಟಿದ್ದೂ ನೀರಾವರಿಗೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಅದು ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಅಂಕಸಮುದ್ರ ಪಕ್ಷಿ ಮೀಸಲಿನ ಜೊತೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮನಸ್ಸಿದ್ದಲ್ಲಿ ದಾರಿ ಸಿಕ್ಕಿದೆ.

ಅದಕ್ಕೇ ನಮ್ಮ ಜಿಲ್ಲಾಡಳಿತಕ್ಕೆ ನನ್ನ ಒತ್ತಾಯ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನವೆಂಬರ್, ಜನವರಿ, ಮಾರ್ಚ್‌ನಲ್ಲಿ ನೀರಿನ ಅಂಚನ್ನು ಕಾಲ್ನಡಿಗೆಯಲ್ಲೇ ಅಳೆಯಬೇಕು. ಭೂಮಾಪಕರ ಜೊತೆ ಅರಣ್ಯ ಸಿಬ್ಬಂದಿ ಇರಲಿ, ಮೀನು ಹಿಡಿಯುವವರು, ಕುರಿ ಕಾಯುವವರು ಇರಲೇಬೇಕು. ಹಕ್ಕಿ ಯಾವ ಮಡುವಿನಲ್ಲಿ ಇಳಿಯುತ್ತದೆಂದು ಅವರಿಗೆ ಗೊತ್ತು. ಭೀಮೆಯ ದಂಡೆಯನ್ನು ಪ್ರತಿ ದೊಡ್ಡ ಪ್ರವಾಹದ ನಂತರ ಮತ್ತೆ ಅಳೆಯಬೇಕು. 2020ರ ಅಕ್ಟೋಬರಿನಂಥ ನೆರೆ ಬಂದು ಹೋದರೆ ಹಳೆಯ ಗೆರೆಯನ್ನು ನಂಬಿ ಕೂರುವಂತಿಲ್ಲ.

ಸರ್ವೆಗೆ ಬಂದವರನ್ನು ಕಂಡರೆ ರೈತರಿಗೆ ಅಳುಕು. ಜಮೀನು ಹೋದೀತೆಂಬ ಅವರ ಭಯ ಸುಳ್ಳಲ್ಲ. ನೀರು ಇಳಿದ ನೆಲದಲ್ಲಿ ಕಡಲೆ ಬಿತ್ತುವವರನ್ನು ಈ ನಕ್ಷೆಯ ನೆಪದಲ್ಲಿ ಎಬ್ಬಿಸುವುದಿಲ್ಲ ಎಂದು ಗ್ರಾಮಸಭೆಯಲ್ಲಿ ಮೊದಲೇ ಬರೆದುಕೊಡಿ. ಸರಪಳಿ ಆಮೇಲೆ ಬಿಚ್ಚೋಣ.