ಆರನೆಯ ಸೂತಕ



ಕಳೆದ ಶ್ರಾವಣದಲ್ಲಿ ಬಡವನಹಳ್ಳಿಯ ನಮ್ಮ ಮನೆಗೆ ಸಂಬಂಧದಲ್ಲಿ ಮಗನಾಗಬೇಕಾದ ಹುಡುಗನೊಬ್ಬ ಬಂದಿದ್ದ. ಬೆಂಗಳೂರಿನಲ್ಲಿ ಕೆಲಸ, ಮದುವೆ ಗೊತ್ತಾಗಿತ್ತು. ಊಟಕ್ಕೆ ಮುಂಚೆ ಲಿಂಗಪೂಜೆಗೆ ಕರೆದರೆ ತಲೆ ತಗ್ಗಿಸಿದ. ಕೊರಳಲ್ಲಿ ಇಷ್ಟಲಿಂಗ ಇರಲಿಲ್ಲ. "ನನ್ನ ಮೈ ಕೆಟ್ಟಿದೆ ದೊಡ್ಡಪ್ಪ, ಕಟ್ಟಿಕೊಳ್ಳೋಕೆ ಮನಸ್ಸು ಒಪ್ತಿಲ್ಲ" ಎಂದ.

ಹಿಂದಿನ ವರ್ಷ ಒಂದು ರಾತ್ರಿ ಮಾಡಿದ ತಪ್ಪು, ಅಲ್ಲಿಂದಾಚೆಗೆ ಎಚ್‌ಐವಿ ಭಯ. ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ಆಮೇಲೆ ಮತ್ತೆರಡು ಸಲ ರಕ್ತ ಕೊಟ್ಟಿದ್ದ. ಐದೂ ನೆಗೆಟಿವ್. ಆ ಐದು ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. "ಕಿಟ್ ಹಳೇದಾಗಿದ್ರೆ? ನನಗೆ ತಡವಾಗಿ ಕಾಣಿಸ್ಕೊಂಡ್ರೆ?" ಎಂಬುದೊಂದೇ ಪ್ರಶ್ನೆ. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ, ಸರ್ಕಾರಿ ಕಾಮಗಾರಿಗಳಲ್ಲಿ ಕೂದಲು ಹಣ್ಣು ಮಾಡಿಕೊಂಡ ಎಂಜಿನಿಯರ್. ಆದ್ದರಿಂದ ಅವನನ್ನು ಮಧುಗಿರಿಯ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚಕರ ಬಳಿ ಕರೆದುಕೊಂಡು ಹೋದೆ. ಅವರು ವಿವರಿಸಿದ್ದು ನನ್ನ ಕಸುಬಿನ ಭಾಷೆಯಲ್ಲಿಯೇ ಅರ್ಥವಾಯಿತು.

ಸೇತುವೆಗೆ ಕಾಂಕ್ರೀಟ್ ಹಾಕಿದ ದಿನವೇ ಅದರಿಂದ ಘನಾಕಾರದ ಅಚ್ಚು ತೆಗೆದು ನೀರಿನಲ್ಲಿಡುತ್ತೇವೆ. 7ನೇ ದಿನ ಒಡೆದು ನೋಡಿದರೆ ಸುಮಾರು ಮೂರನೇ ಎರಡು ಭಾಗ ಬಲ ಸಿಗುತ್ತದೆ. ಅದು ಸೂಚನೆ ಮಾತ್ರ. ತೀರ್ಪು 28ನೇ ದಿನದ್ದು. ಎಚ್‌ಐವಿ ಪರೀಕ್ಷೆಗೂ ಹೀಗೆಯೇ ಕಾಲಮಿತಿ ಇದೆ. ವೈರಸ್ ಒಳಹೊಕ್ಕ ಮೇಲೆ ದೇಹ ಪ್ರತಿಕಾಯಗಳನ್ನು ತಯಾರಿಸಲು ಕೆಲವು ವಾರ ಬೇಕು. ಸಾಮಾನ್ಯ ಪರೀಕ್ಷೆ ಹುಡುಕುವುದು ಆ ಪ್ರತಿಕಾಯಗಳನ್ನು. ಹೊಸ ತಲೆಮಾರಿನ ಪ್ರಯೋಗಾಲಯ ಪರೀಕ್ಷೆಗಳು ಸುಮಾರು 45 ದಿನಕ್ಕೇ ನಂಬಿಕೆಗೆ ಅರ್ಹವಾಗುತ್ತವೆ. ಬೆರಳ ತುದಿಯ ರಕ್ತದಿಂದ ಮಾಡುವ ಪರೀಕ್ಷೆಗೆ ಮೂರು ತಿಂಗಳು ಎನ್ನುತ್ತಾರೆ. ಆ ನಡುವೆ ಹೊಸದಾಗಿ ಅಪಾಯಕ್ಕೆ ಒಡ್ಡಿಕೊಳ್ಳದಿದ್ದರೆ, ಮೂರು ತಿಂಗಳು ಕಳೆದ ಮೇಲೆ ಬಂದ ನೆಗೆಟಿವ್ ಕೊನೆಯ ಮಾತು.

ಕಿಟ್ಟಿನ ಅನುಮಾನಕ್ಕೂ ಉತ್ತರವಿದೆ. ಪ್ರತಿ ಕಿಟ್ಟಿನಲ್ಲೂ ನಿಯಂತ್ರಣ ಗೆರೆ ಎಂದು ಒಂದಿರುತ್ತದೆ. ಅದು ಮೂಡದಿದ್ದರೆ ಪರೀಕ್ಷೆಯೇ ಅಸಿಂಧು, ಮತ್ತೆ ಮಾಡಬೇಕು. ಇನ್ನು ಮೊದಲ ಪರೀಕ್ಷೆಯನ್ನು ಆರಿಸುವುದೇ ಅತಿ ಸೂಕ್ಷ್ಮವಾದ ಜರಡಿಯಂತೆ: ಸೋಂಕಿಲ್ಲದವರನ್ನು ಅಪರೂಪಕ್ಕೆ ಹಿಡಿದೀತು, ಸೋಂಕಿದ್ದವರನ್ನು ಬಿಡಬಾರದು. ಅದಕ್ಕೇ ಪಾಸಿಟಿವ್ ಎನ್ನುವ ಮುನ್ನ ಬೇರೆ ಬೇರೆ ಬಗೆಯ ಮೂರು ಪರೀಕ್ಷೆ ಮಾಡುತ್ತಾರೆ. ನೆಗೆಟಿವ್ ಎನ್ನಲು ಒಂದು ಸಾಕು. ನಮ್ಮ ಹುಡುಗನ ತಲೆಯಲ್ಲಿ ಇದು ತಿರುಗುಮುರುಗಾಗಿತ್ತು.

ಇಷ್ಟು ಕೇಳಿಯೂ ಅವನ ಮುಖ ಅರಳಲಿಲ್ಲ. ಬಸ್ಸಿಗೆ ಕಾಯುತ್ತಾ ಕೇಳಿದ: "ತಪ್ಪು ಮಾಡಿದೀನಿ ದೊಡ್ಡಪ್ಪ, ಏನೂ ಆಗದೆ ಹೋಗೋಕೆ ಹೇಗೆ ಸಾಧ್ಯ?" ಆಗ ಗೊತ್ತಾಯಿತು. ಅವನು ಕಾಯುತ್ತಿದ್ದುದು ಶಿಕ್ಷೆಗಾಗಿ. ಶಿಕ್ಷೆ ಬಾರದ ಕಾರಣ ಪರೀಕ್ಷೆಯನ್ನೇ ನಂಬುತ್ತಿರಲಿಲ್ಲ.

ಈ ಲೆಕ್ಕವನ್ನು ಅವನಿಗೆ ಕಲಿಸಿದವರು ಯಾರು? ನಾವೇ. ಬಸವಾದಿ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ತಳ್ಳಿಹಾಕಿದರು. ಅವರ ಹೆಸರು ಹೇಳುವ ನಾವು ರೋಗಸೂತಕವೆಂಬ ಆರನೆಯದನ್ನು ಸದ್ದಿಲ್ಲದೆ ಸೇರಿಸಿಕೊಂಡಿದ್ದೇವೆ. ಎಚ್‌ಐವಿ ಇದೆ ಎಂದು ತಿಳಿದರೆ ಲೋಟ ಬೇರೆ, ತಟ್ಟೆ ಬೇರೆ, ಕೊನೆಗೆ ಸಂಬಂಧವೂ ಬೇರೆ. ಪಾಸಿಟಿವ್ ಎಂದರೆ ಬದುಕಿರುವಾಗಲೇ ಸಾವು ಎಂದು ನಾವು ಮಾಡಿಟ್ಟಿರುವಾಗ ನೆಗೆಟಿವ್ ಚೀಟಿಯನ್ನು ಹಿಡಿದ ಕೈ ನಡುಗದೆ ಇರುತ್ತದೆಯೆ?

ವಾಸ್ತವ ಬೇರೆಯೇ ಇದೆ. ಪಂಕ್ತಿಯಲ್ಲಿ ಒಟ್ಟಿಗೆ ಕುಳಿತು ಉಂಡರೆ, ಕೈ ಹಿಡಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. 2004ರಿಂದ ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡುತ್ತಿದೆ. ತಪ್ಪದೆ ನುಂಗುತ್ತಾ, ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದವರಿಂದ ಸಂಗಾತಿಗೂ ಸೋಂಕು ಹರಡುವುದಿಲ್ಲ. ಸೋಂಕಿನ ಕಾರಣಕ್ಕೆ ಭೇದ ಮಾಡುವುದನ್ನು, ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

"ಭಯವಿದ್ದರೆ ತಾನೆ ಹುಡುಗರು ದಾರಿ ತಪ್ಪುವುದಿಲ್ಲ" ಎನ್ನುವ ಹಿರಿಯರಿದ್ದಾರೆ. ಅಂಥ ರಾತ್ರಿಗಳಲ್ಲಿ ಭಯ ಯಾರ ನೆನಪಿಗೂ ಬರುವುದಿಲ್ಲ. ಬರುವುದು ಮರುದಿನ ಬೆಳಿಗ್ಗೆ. ಬಂದ ಮೇಲೆ ಮಾಡಿಸುವ ಕೆಲಸವೆಂದರೆ ಬಚ್ಚಿಡುವುದು. ಅಪಾಯ ಘಟಿಸಿದ 72 ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ ಸೋಂಕು ತಡೆಯುವ ಔಷಧಿ ಇದೆ ಎಂಬುದು ಈ ಹುಡುಗನಿಗೆ ಗೊತ್ತೇ ಇರಲಿಲ್ಲ. ಕೇಳಲು ನಾಚಿಕೆ. ಅರಿವಿಲ್ಲದ ಕಡೆ ಆಚಾರ ಹುಟ್ಟುವುದಿಲ್ಲ.

ಮಠಗಳಿಗೆ ನನ್ನದೊಂದು ವಿನಂತಿ. ಸಾಮೂಹಿಕ ವಿವಾಹಕ್ಕೆ ಎಚ್‌ಐವಿ ಪ್ರಮಾಣಪತ್ರ ಕಡ್ಡಾಯ ಮಾಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಬೇಡ. ಬಲವಂತದ ಚೀಟಿ ಮುಂದಿನ ವರ್ಷದ ಮಾತು ಹೇಳುವುದಿಲ್ಲ, ಕಳೆದ ತಿಂಗಳದ್ದನ್ನೂ ಹೇಳದಿರಬಹುದು. ಅದರ ಬದಲು ಮದುವೆಗೆ ಹೆಸರು ಕೊಡುವ ದಿನ ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕರೆಸಿ ಒಂದು ಗಂಟೆ ಮಾತನಾಡಿಸಿರಿ. ವಧೂವರರಿಬ್ಬರೂ ಇಷ್ಟಪಟ್ಟು ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು. ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ, ಗುಟ್ಟು ಹೊರಹೋಗುವುದಿಲ್ಲ. ಮಠದ ಗೋಡೆಯ ಮೇಲೆ 1097 ಸಹಾಯವಾಣಿಯ ಸಂಖ್ಯೆ ಬರೆಸಿರಿ. ನಿಶ್ಚಿತ ಫಲಿತಾಂಶ ಬಂದ ಮೇಲೂ ಬಿಡದ ಭಯ ಮನಸ್ಸಿನ ಕಾಯಿಲೆ. ಅದಕ್ಕೂ ಔಷಧವಿದೆ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕೇಳುವವರಿದ್ದಾರೆ. ಅನುಭಾವ ಗೋಷ್ಠಿಗಳಲ್ಲಿ ಪರಮಾರ್ಥದ ಜೊತೆಗೆ ಇದಕ್ಕೂ ಒಂದಿಷ್ಟು ಹೊತ್ತು ಕೊಡೋಣ.

ಮುಂದಿನ ತಿಂಗಳು ಹುಡುಗ ಮತ್ತೆ ಬಂದ. ಭಯ ಪೂರ್ತಿ ಹೋಗಿಲ್ಲ ಎಂದ. ಆದರೆ ಆರನೇ ಪರೀಕ್ಷೆಗೆ ಹೋಗಿರಲಿಲ್ಲ. ಕೊರಳಲ್ಲಿ ಇಷ್ಟಲಿಂಗವಿತ್ತು, ನನ್ನ ಪಕ್ಕದಲ್ಲೇ ಕುಳಿತು ಪೂಜೆ ಮಾಡಿಕೊಂಡ. ಒಂದು ವೇಳೆ ಆ ಚೀಟಿಯಲ್ಲಿ ಪಾಸಿಟಿವ್ ಎಂದಿದ್ದರೂ ಅವನ ಜಾಗ ಅದೇ. ಇದನ್ನು ನಾವೆಲ್ಲರೂ ಬಾಯಿಬಿಟ್ಟು ಹೇಳುವ ದಿನ ಬರಲಿ.