ಶರೀಫರ ಮಾಳಿಗೆಯ ಕೆಳಗೆ ಗಿಟಾರು

ರಘು ದೀಕ್ಷಿತರ ಮೊದಲ ಆಲ್ಬಂ ಬಂದು ವರ್ಷಗಳು ಉರುಳಿದರೂ ದೆಹಲಿ ಕನ್ನಡಿಗರ ನಡುವೆ ಅದರ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಮುಂಬಯಿಯ ಸಂಗೀತ ನಿರ್ದೇಶಕರ ಜೋಡಿ ವಿಶಾಲ್–ಶೇಖರ್ 2008ರಲ್ಲಿ ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ಹೊರತಂದ ಆ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ. ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಊಟದ ಎಲೆಯ ಮುಂದೆ ಯಾರಾದರೂ ಈ ಮಾತೆತ್ತಿದರೆ ಸಾಕು, ಸಾರು ಆರಿಹೋಗುವವರೆಗೂ ವಾದ ನಡೆಯುತ್ತದೆ.

ಹಿರಿಯರ ಆಕ್ಷೇಪ ನಮಗೆ ಚೆನ್ನಾಗಿ ಪರಿಚಿತ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಉಪ್ಪಿನಕಾಯಿ ಭರಣಿಯ ಜೊತೆಗೆ ಸಿ. ಅಶ್ವತ್ಥರ ಕ್ಯಾಸೆಟ್ಟುಗಳನ್ನೂ ಜೋಪಾನವಾಗಿ ಹೊತ್ತು ತಂದು, ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಟೇಪು ಸವೆಯುವಷ್ಟು ಕೇಳಿದವರು ಅವರು. ಶರೀಫರ ಪದವೆಂದರೆ ವೈರಾಗ್ಯ. ಮನೆ ಸೋರುತ್ತಿದೆ ಎಂದು ಒಬ್ಬ ಸಂತ ಮರುಗುತ್ತಿರುವಾಗ ಡ್ರಮ್ಮು ಬಾರಿಸುವುದೇನು, ಜನ ಎದ್ದು ಕುಣಿಯುವುದೇನು ಎಂಬುದು ಅವರ ಕೇಳ್ವಿ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುವ ಗಾಯಕನ ವೇಷವೂ ಅವರಿಗೆ ಸರಿಬಂದಿಲ್ಲ. ಮೂಲ ಕೆಟ್ಟಿತು ಎನ್ನುತ್ತಾರೆ.

ಯಾವ ಮೂಲ ಎಂದು ನಾವು ಕೇಳಬೇಕಾಗಿದೆ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಇಂದಿನ ಹಾವೇರಿ ಜಿಲ್ಲೆಯ ಆ ಪುಟ್ಟ ಊರಿನಲ್ಲಿ, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಅವರು ಕಟ್ಟಿದ ಪದಗಳು ಉಳಿದದ್ದು ಜನರ ಬಾಯಲ್ಲಿ, ಭಜನಾ ಮೇಳಗಳ ತಾಳ ದಮ್ಮಡಿಗಳ ನಡುವೆ. ಅವರ ದನಿಯನ್ನು ಯಾವ ಯಂತ್ರವೂ ಹಿಡಿದಿಟ್ಟಿಲ್ಲ. ನಮ್ಮ ಹಿರಿಯರು ಮೂಲವೆನ್ನುವುದು ಅಶ್ವತ್ಥರು ರಾಗ ಹಾಕಿ, ವಾದ್ಯವೃಂದ ಕೂಡಿಸಿ, ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡನ್ನು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಅದನ್ನು ಮನೆಮನೆಗೂ ಮುಟ್ಟಿಸಿತು. ಅಂದರೆ ಆ ‘ಮೂಲ’ಕ್ಕೆ ನಮ್ಮಲ್ಲಿ ಅನೇಕರಿಗಿಂತ ವಯಸ್ಸು ಕಡಿಮೆ! ಐಟಿಐ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದ ಅಶ್ವತ್ಥರ ಬಗ್ಗೆ ನಮಗೆ, ನೌಕರಿಯವರಿಗೆ, ಸ್ವಲ್ಪ ಹೆಚ್ಚೇ ಅಭಿಮಾನವಿದೆ. ಆದರೂ ಅವರು ಮಾಡಿದ್ದು ಒಂದು ಮರುಹುಟ್ಟನ್ನು ಎಂಬುದನ್ನು ಮರೆಯಲಾಗದು. ಕ್ಯಾಸೆಟ್ಟು ಅವರ ಕಾಲದ ಪೇಟೆ. ಅದಕ್ಕೆ ಅವರು ಹಿಂಜರಿಯಲಿಲ್ಲ.

ಇನ್ನು ಯಂತ್ರದ ಮಾತು. ಶರೀಫರು ಗುಡುಗುಡಿಯಲ್ಲಿ, ಕೋಳಿಯಲ್ಲಿ, ಸೋರುವ ಸೂರಿನಲ್ಲಿ ತತ್ತ್ವ ಕಂಡವರಷ್ಟೇ ಅಲ್ಲ. ತಮ್ಮ ಸೀಮೆಗೆ ಹೊಸದಾಗಿ ಬಂದ ಗಿರಣಿಯನ್ನು ನೋಡಿ ಅದರ ಮೇಲೂ ಪದ ಕಟ್ಟಿದರು. ಉಗಿಯ ಯಂತ್ರದೊಳಗೆ ಪರಮಾರ್ಥವನ್ನು ಹುಡುಕಿದ ಮನುಷ್ಯ ವಿದ್ಯುತ್ ಗಿಟಾರನ್ನು ಕಂಡು ಮುಖ ತಿರುಗಿಸುತ್ತಿದ್ದನೆಂದು ನಂಬುವುದು ನಮಗೆ ಕಷ್ಟ.

ಇಂಗ್ಲಿಷ್ ಸಾಹಿತ್ಯ ಓದಿ ಕಡತಗಳ ನಡುವೆ ಬಂದು ಬಿದ್ದ ನಮಗೆ ಇಂಥ ಕಡೆ ಪಶ್ಚಿಮದ ಉದಾಹರಣೆ ಬಾಯಿಗೆ ಬರುವುದು ಒಂದು ಚಾಳಿ. 1965ರಲ್ಲಿ ನ್ಯೂಪೋರ್ಟಿನ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರು ಎತ್ತಿಕೊಂಡಾಗ ಕೇಳುಗರಲ್ಲಿ ಒಂದು ಭಾಗ ಕೂಗಿ ಗದ್ದಲವೆಬ್ಬಿಸಿತು. ಹತ್ತು ವರ್ಷದ ಬಳಿಕ, 1975ರಲ್ಲಿ, ಹಳ್ಳಿಗಾಡಿನ ಹಾಡುಗಾರ ವಿಲ್ಲಿ ನೆಲ್ಸನ್ ಕೊಲಂಬಿಯಾದಂಥ ದೈತ್ಯ ಕಂಪನಿಗೆ ತೀರಾ ಬರಿದಾದ, ಬೆರಳೆಣಿಕೆಯ ವಾದ್ಯಗಳ ಒಂದು ಆಲ್ಬಂ ಒಪ್ಪಿಸಿದಾಗ, ಇದೇನು ಅರೆಬೆಂದ ಕರಡೇ ಎಂದು ಕಂಪನಿಯವರೇ ಅನುಮಾನಿಸಿದರು. ಅದು ಭರ್ಜರಿಯಾಗಿ ಮಾರಾಟವಾಯಿತು. ವಾದ್ಯ ಹೆಚ್ಚಾದರೆ ಅಭಿಮಾನಿಗೆ ಸಿಟ್ಟು, ಕಡಿಮೆಯಾದರೆ ಕಂಪನಿಗೆ ಸಿಟ್ಟು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಈ ದೆಹಲಿಯವರೇ ಆದ ರಬ್ಬಿ ಶೇರ್‌ಗಿಲ್ 2004ರಲ್ಲಿ ಬುಲ್ಲೇ ಶಾಹನ ಕಾಫಿಯನ್ನು ಗಿಟಾರಿಗೆ ಕೂಡಿಸಿ ಹಾಡಿದಾಗ, ಕಚೇರಿಯ ಪಂಜಾಬಿ ಸಹೋದ್ಯೋಗಿಗಳು ಚಹಾದ ಲೋಟ ಹಿಡಿದು ಇದೇ ಜಗಳ ಆಡಿದ್ದನ್ನು ನಾವು ಪಕ್ಕದ ಮೇಜಿನಿಂದ ಕೇಳಿದ್ದೇವೆ.

ಹೀಗಾಗಿ ಡ್ರಮ್ಮಿನ ದೂರು ನಮಗೆ ಅಷ್ಟಾಗಿ ತಾಗುವುದಿಲ್ಲ. ತಾಗುವುದು ಬೇರೊಂದು ಪಕ್ಷದವರ ಮಾತು. ಬೆಂಗಳೂರಿನಲ್ಲಿ ಓದುವಾಗ ರಘು ಅವರನ್ನು ಕಾಲೇಜು ಉತ್ಸವಗಳಲ್ಲಿ, ಸಣ್ಣ ವೇದಿಕೆಗಳಲ್ಲಿ ಕೇಳಿ, ಆಮೇಲೆ ಗುರುಗ್ರಾಮದ ನೌಕರಿಗೆ ಬಂದವರು ಇವರು. ಆಲ್ಬಮ್ಮಿನಲ್ಲಿ ಕನ್ನಡಕ್ಕೆ ಸಿಕ್ಕದ್ದು ಶರೀಫರ ಪಾಲು ಮಾತ್ರ, ಉಳಿದೆಡೆ ಹಿಂದಿಯದೇ ಮೇಲುಗೈ ಎಂಬುದು ಇವರ ಕೊರಗು. ಮೈಸೂರಿನಿಂದ ಬಂದ ಹುಡುಗಿಯ ಮೇಲಿನ ಹಾಡು ಕೂಡ ಹಿಂದಿಯಲ್ಲಿದೆ. ಹಾಸ್ಯವೆಂದರೆ, ಮೈಸೂರಿನಿಂದ ಬಂದು ದಿನವಿಡೀ ಹಿಂದಿ ಆಡುವ ನಮಗೆ ಅದು ನಮ್ಮದೇ ಕಥೆಯಂತೆ ಕೇಳಿಸಬೇಕಿತ್ತು! ಆದರೂ ಕೊರಗಿನಲ್ಲಿ ಹುರುಳಿದೆ. ಪೇಟೆ ದೊಡ್ಡದಾದಷ್ಟೂ ಕನ್ನಡ ಹಿತ್ತಲಿನ ತುಳಸಿಯಾಗುತ್ತದೆ, ಪೂಜೆಗೆ ಮಾತ್ರ ಬೇಕಾಗುತ್ತದೆ. ಹೊಸ ಮಾತನ್ನು ಹಿಂದಿಯಲ್ಲಿ ಹೇಳಿ, ಹಳೆಯ ತತ್ತ್ವಕ್ಕಷ್ಟೇ ಕನ್ನಡವನ್ನು ಮೀಸಲಿಟ್ಟರೆ, ಇಂದಿನ ಬದುಕಿಗೆ ಕನ್ನಡ ಒದಗುವುದಿಲ್ಲವೆಂದು ಹಾಡದೆಯೇ ಹೇಳಿದಂತಾಗುತ್ತದೆ.

ಹಾಡುವ ಬಗೆಯಲ್ಲೂ ನಮಗೊಂದು ತಕರಾರಿದೆ. ಶರೀಫರ ಪದದ ತಿರುವು ಇರುವುದು ಕೊನೆಯ ನುಡಿಯಲ್ಲಿ, ಶಿಶುನಾಳಧೀಶನ ಅಂಕಿತ ಬರುವಲ್ಲಿ. ಅಲ್ಲಿಯವರೆಗೆ ಗುಡುಗುಡಿಯಾಗಿದ್ದದ್ದು ಅಲ್ಲಿ ದೇಹವಾಗುತ್ತದೆ, ಮನೆಯಾಗಿದ್ದದ್ದು ಮನಸ್ಸಾಗುತ್ತದೆ. ಸಾವಿರಾರು ಜನರ ಮುಂದೆ ಪಲ್ಲವಿ ಮತ್ತೆ ಮತ್ತೆ ಎದ್ದು, ಸಭಿಕರೇ ಅದನ್ನು ಕಸಿದುಕೊಂಡು ಹಾಡತೊಡಗಿದಾಗ ಅಂಕಿತ ಆ ಸಂಭ್ರಮದಲ್ಲಿ ತೇಲಿಹೋಗುತ್ತದೆ. ಅಶ್ವತ್ಥರು ಮಾತನ್ನು ಕಚ್ಚಿ ಹಿಡಿದು, ಒಂದೊಂದು ಪದವನ್ನೂ ಎದೆಯಿಂದ ಕಿತ್ತು ಕೊಡುತ್ತಿದ್ದರು. ಇಲ್ಲಿ ಲಯ ಮಾತಿಗಾಗಿ ಕಾಯುವುದಿಲ್ಲ. ಪಿಟೀಲಿನ ಓಟ ಎಷ್ಟೇ ಸೊಗಸಾಗಿರಲಿ, ಈ ನಷ್ಟ ನಷ್ಟವೇ.

ಕಾನೂನಿನ ಕಡೆಯಿಂದಲೂ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕರ್ತೃ ತೀರಿಕೊಂಡ 60 ವರ್ಷಗಳ ಬಳಿಕ ಅವನ ಕೃತಿ ಎಲ್ಲರ ಸೊತ್ತು. ಶರೀಫರ ಮಾತಿಗೆ ಯಾರೂ ಕಾಸು ಕೊಡಬೇಕಿಲ್ಲ. ಧ್ವನಿಮುದ್ರಿಕೆಗೆ ಮಾತ್ರ ಒಡೆತನವುಂಟು, ಸಂಭಾವನೆಯುಂಟು. ನಡುವೆ ನೂರು ವರ್ಷ ಆ ಪದಗಳನ್ನು ಬಾಯಲ್ಲಿಟ್ಟು ಕಾಪಾಡಿದ ಭಜನೆಯವರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಇದು ಒಬ್ಬ ಗಾಯಕನ ತಪ್ಪಲ್ಲ. ಅಶ್ವತ್ಥರ ಕಾಲದಲ್ಲೂ ಇದೇ ಸ್ಥಿತಿ. ಆದರೆ ‘ಶರೀಫರನ್ನು ಉಳಿಸಿದ್ದು ಈ ಆಲ್ಬಂ’ ಎಂದು ಎಳೆಯರು ಎದೆ ತಟ್ಟಿಕೊಳ್ಳುವಾಗ ಆ ಹಳ್ಳಿಯ ದನಿಗಳನ್ನು ನೆನಪಿಸುವ ಕೆಲಸ ನಮ್ಮ ಪಾಲಿನದು.

ಎಳೆಯರು ಎಂದೆವು. ನೋಯ್ಡಾದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬಾರದು, ಅಜ್ಜಿಯೊಡನೆ ಫೋನಿನಲ್ಲಿ ನಾಲ್ಕು ಮಾತಾಡಿದರೆ ಹೆಚ್ಚು. ಅವರಲ್ಲೊಬ್ಬ ಹುಡುಗ ಒಂದು ಸಂಜೆ ಕಿವಿಯ ತಂತಿ ಕಿತ್ತು ಕೇಳಿದ, ‘ಮಾಳಿಗಿ ಅಂದರೇನು?’ ಅಪ್ಪ ಚಾವಣಿ ಎಂದ. ‘ಅದು ಸೋರಿದರೆ ರಿಪೇರಿ ಮಾಡಿಸಬಹುದಲ್ಲ, ಹಾಡ್ಯಾಕೆ?’ ಅಲ್ಲಿದ್ದ ನಾವು ಐದು ಜನ ದೊಡ್ಡವರು ಉತ್ತರಕ್ಕೆ ತಡಕಾಡಿದೆವು. ಅಶ್ವತ್ಥರ ಕ್ಯಾಸೆಟ್ಟು ಅದೇ ಮನೆಯಲ್ಲಿ ವರ್ಷಗಟ್ಟಲೆ ಓಡಿದ್ದರೂ ಅವನು ಈ ಪ್ರಶ್ನೆ ಕೇಳಿರಲಿಲ್ಲ.

ನಮ್ಮ ಬಳಗ ಮುಂದಿನ ತಿಂಗಳು ಸೇರುವಾಗ ಒಂದು ಭಜನಾ ಮೇಳದ ಮುದ್ರಿಕೆ, ಅಶ್ವತ್ಥರದು, ರಘು ಅವರದು, ಮೂರನ್ನೂ ಒಂದರ ಬೆನ್ನಿಗೊಂದು ಕೇಳಿಸಿ, ಅಂಕಿತದವರೆಗೂ ಪದವನ್ನು ಓದಿ ಅರ್ಥ ಹೇಳಬೇಕೆಂದು ಸೂಚಿಸಿದ್ದೇವೆ. ಹಂಚುವ ಹಾಳೆಯಲ್ಲಿ ಕನ್ನಡ ಲಿಪಿಯ ಕೆಳಗೆ ದೇವನಾಗರಿಯನ್ನೂ ಹಾಕಬೇಕೇ ಎಂಬ ಜಗಳ ಈಗಾಗಲೇ ಶುರುವಾಗಿದೆ. ಹಾಕಬೇಕೆನ್ನುವವರ ಪಕ್ಷ ನಮ್ಮದು. ಹಿರಿಯರು ಇನ್ನೂ ಒಪ್ಪಿಲ್ಲ.